ಸೋಮವಾರದ ತನಕ

ಬಾಗಿಲ ಹಿಡಿಕೆಯನ್ನು ಸ್ಪಿರಿಟ್ಟಿನಲ್ಲಿ ಒರೆಸುವುದರಿಂದ ಅವಳ ದಿನ ಶುರುವಾಗುತ್ತಿತ್ತು. ಆಮೇಲೆ ಸ್ವಿಚ್ಚುಗಳು, ನಲ್ಲಿಯ ತಿರುಪು, ಫ್ರಿಜ್ಜಿನ ಬಾಗಿಲು, ಕೊನೆಗೆ ಟೀವಿಯ ರಿಮೋಟು. ರಿಮೋಟಿನ ಗುಂಡಿಗಳ ಸಂದಿಯಲ್ಲಿ ಕೂತ ಕೊಳೆಯನ್ನು ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕೆದಕಿ ತೆಗೆಯುತ್ತಿದ್ದಳು. ಮಂಚದ ಮೇಲೆ ದಿಂಬಿಗೊರಗಿ ಕೂತ ಗಂಡ ಅದನ್ನು ನೋಡಿ ನೋಡಿ ಒಂದು ದಿನ ಹೇಳಿದ: "ಅದಕ್ಕೂ ಒಂದು ಮಾಸ್ಕ್ ಹಾಕಿಬಿಡೆ. ಪಾಪ, ಅದೊಂದು ಯಾಕೆ ಬರಿಮುಖದಲ್ಲಿರಬೇಕು?"

"ಮೊದಲು ನಿಮ್ಮ ಮಾಸ್ಕ್ ಮೂಗಿನ ಮೇಲೆ ಏರಿಸಿ. ಗಡ್ಡಕ್ಕೆ ಹಾಕ್ಕೊಳ್ಳೋಕೆ ಕೊಟ್ಟಿದ್ದಲ್ಲ ಅದು."

ಅವನ ಹೊಟ್ಟೆಯ ಬಲಭಾಗದಲ್ಲಿ, ಸೊಂಟದ ಮೂಳೆಯ ಪಕ್ಕದಲ್ಲಿ, ಅವಳ ಮೂತ್ರಪಿಂಡ ಕೆಲಸ ಮಾಡುತ್ತಿತ್ತು. ಅದನ್ನು ಕಾಯುವುದೇ ಈಗ ಅವಳ ಉದ್ಯೋಗ.

ಗಾಜು ಕತ್ತರಿಸುವ ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆ ಅವರದು. ಬೆಳಗ್ಗೆ ಅಂಗಡಿ ತೆರೆದರೆ ಗಾಜಿನ ಮೇಲೆ ವಜ್ರದ ಮೊನೆ ಎಳೆಯುವ ಕಿರ್ರೆನ್ನುವ ಸದ್ದು ನೆಲದ ಮೂಲಕ ಪಾದಕ್ಕೆ ತಾಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೇ ಅವಳು ಮನೆಯನ್ನು ಬೋಳಿಸಿದ್ದಳು. ಹಳೆಯ ಹಾಸಿಗೆ ಹೋಯಿತು, ಪರದೆಗಳು ಹೋದವು, ಮಣ್ಣಿನಲ್ಲಿ ಬೂಷ್ಟು ಇರುತ್ತದೆಂದು ಹೂವಿನ ಕುಂಡಗಳು ಪಕ್ಕದ ಮನೆಯ ಪಾಲಾದವು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಬಂತು. ಹಣ್ಣನ್ನು ಸಿಪ್ಪೆ ತೆಗೆಯುವ ಮೊದಲೂ ತೊಳೆಯಬೇಕು, ತೆಗೆದ ಮೇಲೂ ತೊಳೆಯಬೇಕು. ನಿನ್ನೆಯ ಅನ್ನ ಇಲ್ಲ, ಹಸಿ ತರಕಾರಿ ಇಲ್ಲ, ಹೊರಗಿನ ತಿಂಡಿಯಂತೂ ಇಲ್ಲವೇ ಇಲ್ಲ. ಮಗಳು ಬಂದರೆ ಮೆಟ್ಟಿಲ ಕೊನೆಯಲ್ಲಿ ನಿಂತು ಮಾತಾಡಿಸಿ ಹೋಗಬೇಕು.

ಆಸ್ಪತ್ರೆಯ ಕಸಿ ವಿಭಾಗದ ಸಿಸ್ಟರ್ ಇದನ್ನೆಲ್ಲ ಅವರಿಗೆ ಮಕ್ಕಳಿಗೆ ಹೇಳುವಂತೆ ಹೇಳಿಕೊಟ್ಟಿದ್ದರು. ಹೊಸ ಅಂಗವನ್ನು ಪರರದೆಂದು ಗುರುತಿಸಿ ದೇಹ ಅದರ ಮೇಲೆ ಬೀಳದಿರಲೆಂದು ಮಾತ್ರೆ ಕೊಟ್ಟು ದೇಹದ ಕಾವಲನ್ನೇ ಮಲಗಿಸಿರುತ್ತಾರೆ. ಕಾವಲಿಲ್ಲದ ಮನೆಗೆ ಯಾವ ಕಳ್ಳನಾದರೂ ನುಗ್ಗಬಹುದು. ಮಲಗಿದ ಕಾವಲುಗಾರ ಯಾವಾಗಲಾದರೂ ಎದ್ದು ಮನೆಯವರನ್ನೇ ಹೊಡೆಯಬಹುದು. ಎರಡಕ್ಕೂ ಮೊದಲ ಸುಳಿವು ಜ್ವರ.

"ಜ್ವರ ಬಂದರೆ ಯೋಚನೆ ಮಾಡಬೇಡಿ," ಎಂದಿದ್ದರು ಸಿಸ್ಟರ್. "ಯೋಚನೆ ಮಾಡೋದು ನಮ್ಮ ಕೆಲಸ. ನಿಮ್ಮ ಕೆಲಸ ಫೋನ್ ಮಾಡೋದು. ಗೊತ್ತಾಯ್ತಾ ಅಮ್ಮ?"

ಗೊತ್ತಾಗಿತ್ತು. ಅವಳಿಗೆ ಒಂದು ಸಲ ಹೇಳಿದರೆ ಸಾಕಿತ್ತು.

ಬಸ್ ಡಿಪೋದಲ್ಲಿ ಅವಳ ಹೆಸರು ರೈಟಕ್ಕ. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅಂಟಿದ ಹೆಸರು. ಹತ್ತುವವರ ಎರಡನೇ ಕಾಲು ಮೇಲೆ ಬರುವ ಮೊದಲೇ ಅವಳ ಬಾಯಿಂದ "ರೈಟ್" ಹೊರಟಿರುತ್ತಿತ್ತು. ಅವಳ ಬಸ್ಸು ನಿಲ್ದಾಣ ಬಿಟ್ಟದ್ದು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. "ಯಮ ಬಂದರೂ ಅಷ್ಟೇ, ಮೆಟ್ಟಿಲ ಮೇಲೆ ಒಂದು ಕಾಲಿಡೋದರೊಳಗೆ ನಮ್ಮ ರೈಟಕ್ಕ ಗಾಡಿ ಬಿಡಿಸಿರ್ತಾಳೆ," ಎಂದು ಡಿಪೋದ ಹಿರಿಯ ಮೆಕ್ಯಾನಿಕ್ ಗ್ರೀಸಣ್ಣ ಎಲ್ಲರೆದುರು ಆಡಿಕೊಳ್ಳುತ್ತಿದ್ದ. ಮೈತುಂಬ ಮಸಿ ಮೆತ್ತಿಕೊಂಡೇ ಇರುವ, ಬಾಯಿಗೆ ಬ್ರೇಕಿಲ್ಲದ ಆಸಾಮಿ ಅವನು.

ಅವಳ ಬಸ್ಸಿನ ಡ್ರೈವರನೇ ಆಮೇಲೆ ಅವಳ ಗಂಡನಾದ. ಮದುವೆಗೆ ಮೊದಲು ಅವರಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಎರಡೇ ಶಬ್ದಗಳಲ್ಲಿ ನಡೆದದ್ದೆಂದು ಅವನು ಹೇಳಿಕೊಂಡು ನಗುತ್ತಿದ್ದ: ರೈಟ್, ಹೋಲ್ಡಾನ್. ರೈಟ್ ಎಂದರೆ ಹೊರಡು, ಹೋಲ್ಡಾನ್ ಎಂದರೆ ನಿಲ್ಲು. ಬಸ್ಸಿನಲ್ಲಿ ಮುಂದಿನ ರಸ್ತೆ ಡ್ರೈವರನದು, ಹಿಂದಿನದೆಲ್ಲ ಕಂಡಕ್ಟರನದು. ಯಾರು ಹತ್ತಿದರು, ಯಾರ ಸೆರಗು ಬಾಗಿಲಿಗೆ ಸಿಕ್ಕಿತು, ಯಾರ ಮಗು ಕೆಳಗುಳಿಯಿತು ಎಂಬುದನ್ನು ಡ್ರೈವರ್ ತಿರುಗಿ ನೋಡುವಂತಿಲ್ಲ. ಹಿಂದಿನಿಂದ ಬಂದ ಮಾತನ್ನು ನಂಬಿ ಕಾಲು ಎತ್ತಬೇಕು, ಇಲ್ಲವೇ ಒತ್ತಬೇಕು. ಅವನು ಅದನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡಿದ್ದನೆಂದರೆ ಮನೆಯಲ್ಲೂ ಅದೇ ನಡೆಯಿತು. ಫ್ರಿಜ್ ಕೊಳ್ಳುವುದಿರಲಿ, ಮಗಳಿಗೆ ಗಂಡು ನೋಡುವುದಿರಲಿ, ಎಲ್ಲ ವಿಚಾರಿಸಿ ಅಳೆದು ಸುರಿದು ಆದ ಮೇಲೆ ಅವನು ಕೈಕಟ್ಟಿ ಕೂತು ಕೇಳುತ್ತಿದ್ದ: "ಏನಂತೀಯ, ರೈಟಾ, ಹೋಲ್ಡಾನಾ?" ಅವಳು ಹೇಳಿದ್ದೇ ಕೊನೆ.

ಡ್ರೈವರುಗಳಿಗೆ ಬೆನ್ನುನೋವು ಸಂಬಳದ ಜೊತೆಗೇ ಬರುತ್ತದೆ. ಡಿಪೋ ಎದುರಿನ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಯನ್ನು ಅವನು ವರ್ಷಗಟ್ಟಲೆ ನುಂಗಿದ. ಪಾದ ಊದಿದಾಗ ಬೂಟು ಬದಲಿಸಿದ. ಮುಖ ಊದಿದಾಗ ನಿದ್ದೆ ಜಾಸ್ತಿಯಾಯಿತೆಂದ. ಕೊನೆಗೆ ಒಂದು ದಿನ ಸ್ಟಿಯರಿಂಗ್ ಹಿಡಿದೇ ವಾಂತಿ ಮಾಡಿಕೊಂಡ, ಬಸ್ಸನ್ನು ಮಾತ್ರ ನೆಟ್ಟಗೆ ಡಿಪೋಗೆ ತಂದು ನಿಲ್ಲಿಸಿದ. ರಕ್ತ ಪರೀಕ್ಷೆ ಮಾಡಿದ ವೈದ್ಯರು ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ ಎಂದರು.

ಆಮೇಲೆ ಡಯಾಲಿಸಿಸ್. ವಾರಕ್ಕೆ ಮೂರು ದಿನ ತೋಳಿಗೆ ದಪ್ಪ ಸೂಜಿ ಚುಚ್ಚಿಸಿಕೊಂಡು ಯಂತ್ರದ ಪಕ್ಕ ಬಿದ್ದುಕೊಳ್ಳುವುದು. ಉಳಿದ ದಿನಗಳಲ್ಲಿ ಬಾಯಾರಿಕೆ. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದ್ದರಿಂದ ಅಳೆದು ಕುಡಿಯಬೇಕು. ಅವಳು ಮಗಳ ಹಳೆಯ ಆಟದ ಸಾಮಾನಿನಿಂದ ಒಂದು ಪುಟ್ಟ ಲೋಟ ಹುಡುಕಿ ತೆಗೆದು ಅದರಲ್ಲಿ ಕೊಡುತ್ತಿದ್ದಳು. ದೊಡ್ಡ ಲೋಟದ ತಳದಲ್ಲಿ ಒಂದು ಗುಟುಕು ಕಾಣುವುದಕ್ಕಿಂತ ಪುಟ್ಟ ಲೋಟ ತುಂಬಿ ಕಾಣುವುದು ಮೇಲೆಂದು. ತನ್ನ ಮೂತ್ರಪಿಂಡ ಕೊಡುತ್ತೇನೆಂದು ಮಗಳು ಮುಂದೆ ಬಂದಳು, ಅವಳಿಗೆ ಹಾಲು ಕುಡಿಯುವ ಮಗುವಿತ್ತು. "ನೀನು ಸುಮ್ಮನಿರು, ಅಮ್ಮ ಇನ್ನೂ ಸತ್ತಿಲ್ಲ," ಎಂದು ಇವಳು ಗದರಿ ತಾನೇ ಪರೀಕ್ಷೆಗೆ ಹೋದಳು. ಹೊಂದಿತು. ಗಂಡ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಅವನು ಕೈಕಟ್ಟಿ ಕೂತು ಕೇಳಿದ, ಅವಳು ರೈಟ್ ಎಂದಳು.

ಶಸ್ತ್ರಚಿಕಿತ್ಸೆಯ ಮರುದಿನ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗಾಜಿನ ಕೋಣೆಯ ಹೊರಗೆ ನಿಲ್ಲಿಸಿದರು. ಒಳಗೆ ಅವನ ಮಂಚದ ಪಕ್ಕ ತೂಗುಬಿಟ್ಟ ಚೀಲ ಹಳದಿ ನೀರಿನಿಂದ ತುಂಬಿತ್ತು. ಸಿಸ್ಟರ್ ಅದನ್ನು ಎತ್ತಿ ಬಹುಮಾನದ ಬಟ್ಟಲು ತೋರಿಸುವಂತೆ ಅವಳಿಗೆ ತೋರಿಸಿದರು. ಅವನು ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿದ. ಅವಳು ಹೊಲಿಗೆಯ ನೋವಿನಲ್ಲೂ ನಕ್ಕಳು, ನಗು ಹೊಲಿಗೆಯನ್ನು ಜಗ್ಗಿ ಕಣ್ಣಲ್ಲಿ ನೀರು ಬರಿಸಿತು. ಸುದ್ದಿ ಡಿಪೋಗೆ ಮುಟ್ಟಿದಾಗ ಗ್ರೀಸಣ್ಣ ಫೋನಿನಲ್ಲಿ ಕೂಗಿದ: "ಇನ್ನು ಅವನಿಗೆ ಹಿಂದಿನಿಂದ ಯಾರೂ ರೈಟ್ ಅನ್ನೋದು ಬೇಡ ಬಿಡಕ್ಕ! ಒಳಗಡೆಯಿಂದಲೇ ಬರುತ್ತೆ!"

ಮನೆಗೆ ಬಂದ ಮೊದಲ ದಿನ ಅವನು ದೊಡ್ಡ ಚೊಂಬಿನ ತುಂಬ ನೀರು ಇಟ್ಟುಕೊಂಡು ಕೂತ. ಕುದಿಸಿ ಆರಿಸಿದ ನೀರು. ಒಂದೊಂದೇ ಗುಟುಕು ಕುಡಿದು ಪ್ರತಿ ಗುಟುಕಿಗೂ ಅವಳ ಮುಖ ನೋಡಿದ. ಯಾರೂ ಬೈಯಲಿಲ್ಲ.

ಮೊದಲ ಸಲ ಮೈ ಸ್ವಲ್ಪ ಬೆಚ್ಚಗಾದಾಗ ಅವರು ಸಿಸ್ಟರ್ ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ನೂರು ಕೂಡ ಮುಟ್ಟಿರಲಿಲ್ಲ, ಆದರೂ ಫೋನ್ ಮಾಡಿ, ಟ್ಯಾಕ್ಸಿ ಹಿಡಿದು ಓಡಿದರು. ಆಸ್ಪತ್ರೆಯವರು ಅವನನ್ನು ವಾರವಿಡೀ ಇಟ್ಟುಕೊಂಡು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲವೆಂದರು. ಆ ವಾರದಲ್ಲಿ ಪಕ್ಕದ ಹಾಸಿಗೆಯವನು ಹೋದ. ಕಸಿ ಆಗಿ ಚೆನ್ನಾಗಿಯೇ ಇದ್ದವನು, ವಾರ್ಡಿನಲ್ಲೇ ಏನೋ ಸೋಂಕು ತಗುಲಿ ಎರಡೇ ದಿನದಲ್ಲಿ ಮುಗಿದ. ಅವನ ಹೆಂಡತಿ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಬರಿಗಾಲಲ್ಲಿ ಓಡಾಡುತ್ತಿದ್ದುದನ್ನು ಇಬ್ಬರೂ ನೋಡಿದರು. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಅವನು ಒಂದೇ ಮಾತಾಡಿದ: "ಏನೂ ಇಲ್ಲದಿದ್ದಕ್ಕೆ ಇಲ್ಲಿಗೆ ಬಂದು ಸಾಯೋದು ಬೇಡ ಕಣೆ."

ಜ್ವರ ಮತ್ತೆ ಬಂದದ್ದು ಒಂದು ಶನಿವಾರ ಸಂಜೆ. ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದ್ದ. ಗಾಜಿನಂಗಡಿಯವನು ಬಾಗಿಲು ಎಳೆಯುವ ಹೊತ್ತಿಗೆ ಅವನು ಕಾಲ ಬಳಿಯ ಹೊದಿಕೆಯನ್ನು ಎಳೆದುಕೊಂಡ. ಹೊರಗೆ ಸೆಕೆ ಇತ್ತು. ಅವಳು ಥರ್ಮಾಮೀಟರ್ ಇಟ್ಟು ನೋಡಿದಳು. ನೂರರ ಮೇಲೆ. ಇನ್ನೊಮ್ಮೆ ಇಟ್ಟಳು. ಅಷ್ಟೇ.

"ಎಷ್ಟು?"

"ನೂರು ದಾಟಿದೆ."

"ಸೋಮವಾರ ಹೇಗೂ ತೋರಿಸೋಕೆ ಹೋಗ್ತೀವಲ್ಲ," ಎಂದ ಅವನು. ಸೋಮವಾರ ಅವರ ತಪಾಸಣೆಯ ದಿನ. "ಇವತ್ತು ಹೋದರೆ ದೊಡ್ಡ ಡಾಕ್ಟರೂ ಇರಲ್ಲ. ಆ ಹುಡುಗ ಡಾಕ್ಟರು ನೋಡಿ ಅದೇ ವಾರ್ಡಿಗೆ ಹಾಕ್ತಾರೆ. ಆ ಸತ್ತವನ ಹಾಸಿಗೆಗೇ ಹಾಕಿದ್ರೂ ಹಾಕಬಹುದು."

ಅವಳ ಕೈಯಲ್ಲಿ ಫೋನ್ ಇತ್ತು.

"ಏನಂತೀಯ?" ಎಂದ ಅವನು. ಹೊದಿಕೆಯೊಳಗೆ ಕೈಕಟ್ಟಿದ್ದ. "ರೈಟಾ, ಹೋಲ್ಡಾನಾ?"

ಇಲ್ಲಿ ಬಸ್ಸಿನವರ ಇನ್ನೊಂದು ರೂಢಿಯನ್ನು ಹೇಳಬೇಕು. ಗಾಡಿಯನ್ನು ದಾರಿಯಲ್ಲಿ ಬಿಡುವುದು ಅವರಲ್ಲಿ ತಲೆತಗ್ಗಿಸುವ ವಿಷಯ. ಕೆಟ್ಟು ನಿಂತರೆ ಪ್ರಯಾಣಿಕರ ಬೈಗುಳ ತಿನ್ನಬೇಕು, ರಿಪೇರಿ ಗಾಡಿಗೆ ಕಾಯಬೇಕು, ಮರುದಿನ ಮ್ಯಾನೇಜರ್ ಮುಂದೆ ನಿಲ್ಲಬೇಕು. ಹಾಗಾಗಿ ಏನೇ ಆಗಲಿ, ಕ್ಲಚ್ಚು ಸವೆದಿರಲಿ, ಗೇರು ಕಚ್ಚಿಕೊಂಡಿರಲಿ, ಹೇಗಾದರೂ ಎಳೆದು ಡಿಪೋ ಮುಟ್ಟಿಸಿದವನೇ ಗಂಡಸು. ಈ ದಂಪತಿಗೆ ಆ ಹೆಸರಿತ್ತು. ಒಮ್ಮೆ ದೊಡ್ಡ ಏರಿನಲ್ಲಿ ರೇಡಿಯೇಟರ್ ಸೋರಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿತ್ತು. ಅವನು ಕೇಳಿದ, ಅವಳು ರೈಟ್ ಎಂದಳು. ಪ್ರಯಾಣಿಕರ ಬಳಿ ಇದ್ದ ಕುಡಿಯುವ ನೀರನ್ನೆಲ್ಲ ಸಾಲು ಸಾಲಾಗಿ ವಸೂಲಿ ಮಾಡಿ ರೇಡಿಯೇಟರಿಗೆ ಸುರಿದಳು. ಮುಳ್ಳು ಇಳಿದಷ್ಟು ದೂರ ಓಡಿಸುವುದು, ಏರಿದರೆ ನಿಲ್ಲಿಸಿ ಮತ್ತೆ ಸುರಿಯುವುದು. ಕತ್ತಲಾಗುವಾಗ ಬಸ್ಸು ಹಬೆಯುಗುಳುತ್ತ ಡಿಪೋದೊಳಕ್ಕೆ ಬಂದಾಗ ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದರು. ಆ ಕಥೆ ಹೇಳದೆ ಅವನು ಯಾವ ನೆಂಟರನ್ನೂ ಮನೆಯಿಂದ ಬಿಟ್ಟದ್ದಿಲ್ಲ.

ಅವಳು ಫೋನನ್ನು ಮೇಜಿನ ಮೇಲಿಟ್ಟಳು.

"ರೈಟ್," ಎಂದಳು. "ಸೋಮವಾರದ ತನಕ ನೋಡೋಣ."

ಜ್ವರದ ಮಾತ್ರೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಹಣೆ ಬೆವರಿತು, ಥರ್ಮಾಮೀಟರ್ ಇಳಿಯಿತು. "ನೋಡಿದ್ಯಾ?" ಎಂದು ಅವನು ನಕ್ಕ. ಅವಳಿಗೂ ಜೀವ ಬಂದಂತಾಯಿತು. ಆಸ್ಪತ್ರೆಗೆ ಓಡದೆ ತಮ್ಮ ಕೈಯಲ್ಲೇ ಒಂದನ್ನು ನಿಭಾಯಿಸಿದ ಸಮಾಧಾನದಲ್ಲಿ ಅವರಿಬ್ಬರೂ ಟೀವಿ ನೋಡಿದರು.

ಭಾನುವಾರ ಬೆಳಗ್ಗೆ ಮೈ ಮತ್ತೆ ಕಾದಿತ್ತು. ಮತ್ತೆ ಮಾತ್ರೆ, ಮತ್ತೆ ಬೆವರು. ಅವನ ಮೂತ್ರವನ್ನು ಅಳೆಯಲು ಬಚ್ಚಲಲ್ಲಿ ಗೆರೆ ಎಳೆದ ಪ್ಲಾಸ್ಟಿಕ್ ಜಗ್ಗೊಂದಿತ್ತು. ಅದನ್ನು ಚೆಲ್ಲುವ ಮೊದಲು ಅವಳು ಬೆಳಕಿಗೆ ಹಿಡಿದು ನೋಡಿದಳು. ಕಡಿಮೆ. "ನೀರು ಕಮ್ಮಿ ಕುಡಿದ್ರಾ?" ಎಂದು ಕೇಳಿದಳು. "ಹೂಂ, ಕಮ್ಮಿನೇ," ಎಂದ. ಅವನು ಕಡಿಮೆ ಕುಡಿದಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು, ಚೊಂಬು ತುಂಬಿದವಳು ಅವಳೇ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ತೂಕ ಏರಿತ್ತು. "ಬೂಟು ಬಿಚ್ಚಿಲ್ಲ ಕಣೆ," ಎಂದು ಬರಿಗಾಲು ತೋರಿಸಿ ತಮಾಷೆ ಮಾಡಿದ. ಬಲಗೈಯನ್ನು ಹೊಟ್ಟೆಯ ಆ ಜಾಗದ ಮೇಲೆ ಇಟ್ಟುಕೊಂಡಿದ್ದ.

"ನೋಯ್ತಾ ಇದೆಯಾ?"

"ಸ್ವಲ್ಪ ಬಿಗಿ. ನಿನ್ನದಲ್ವಾ, ಹಟಮಾರಿ."

ಸಂಜೆ ಮಗಳು ಫೋನ್ ಮಾಡಿದಳು. "ಅಪ್ಪ ಹೇಗಿದಾರಮ್ಮ?"

"ಚೆನ್ನಾಗಿದಾರೆ."

"ದನಿ ಯಾಕೆ ಹಂಗಿದೆ ನಿಂದು?"

"ಕೆಳಗಡೆ ಅಂಗಡಿ ಸದ್ದು. ಸರಿಯಾಗಿ ಕೇಳ್ತಿಲ್ಲ."

"ಭಾನುವಾರಾನೂ ಅಂಗಡಿ ತೆಗೀತಾನಾ ಅವನು?"

ಅವಳು ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟಳು. ಇನ್ನೊಂದೇ ರಾತ್ರಿ, ಬೆಳಗಾದರೆ ಆಸ್ಪತ್ರೆ ಎಂದು ತನಗೇ ಹೇಳಿಕೊಂಡಳು. ಈಗ ಫೋನ್ ಮಾಡಿದರೆ ನಿನ್ನೆಯೇ ಏಕೆ ಮಾಡಲಿಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆ ಅವಳನ್ನು ಎಷ್ಟು ಹೆದರಿಸಿತೆಂದರೆ ಫೋನಿನ ಕಡೆ ನೋಡುವುದನ್ನೂ ಬಿಟ್ಟಳು.

ಸೋಮವಾರ ಅವರು ಹೊರಡಬೇಕಾದ ಹೊತ್ತಿಗೇ ಹೊರಟರು. ಆಸ್ಪತ್ರೆಯಲ್ಲಿ ನೇರ ಒಳಗೆ ಹೋಗದೆ ಎಂದಿನಂತೆ ರಕ್ತ ಕೊಡುವ ಸಾಲಿನಲ್ಲಿ ಕೂತರು. ಸಾಲು ಮುರಿದು ನುಗ್ಗುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಹಾದುಹೋಗುತ್ತಿದ್ದ ಸಿಸ್ಟರ್ ಅವನ ಮುಖ ನೋಡಿ ಗಕ್ಕನೆ ನಿಂತರು. ಹಣೆ ಮುಟ್ಟಿದರು, ಕಾಲು ಒತ್ತಿ ನೋಡಿದರು. ಬೆರಳಿನ ಗುಳಿ ಹಾಗೇ ಉಳಿಯಿತು.

"ಯಾವಾಗಿಂದ ಜ್ವರ?"

"ನಿನ್ನೆ ಸಂಜೆಯಿಂದ," ಎಂದಳು ಅವಳು.

ಗಂಡ ಅವಳ ಕಡೆ ತಿರುಗಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತಂತೆ ನೇರ ಮುಂದಕ್ಕೆ ನೋಡುತ್ತಿದ್ದ.

ಅವನನ್ನು ಸ್ಟ್ರೆಚರಿನಲ್ಲಿ ಒಯ್ದ ಮೇಲೆ ಅವಳು ಕಾರಿಡಾರಿನುದ್ದಕ್ಕೂ ಸಿಸ್ಟರ್ ಹಿಂದೆ ಓಡಿದಳು. "ಸಿಸ್ಟರ್, ಶನಿವಾರದಿಂದ. ಶನಿವಾರ ಸಂಜೆಯಿಂದ ಇದೆ. ಮಾತ್ರೆ ಕೊಟ್ಟು ಕೊಟ್ಟು ಇಳಿಸಿದೆ." ಸಿಸ್ಟರ್ ಬಾಗಿಲು ತಳ್ಳುತ್ತಿದ್ದವರು ಒಂದು ಕ್ಷಣ ಕಣ್ಣು ಮುಚ್ಚಿದರು. ಬೈಯಲಿಲ್ಲ. "ಹೊರಗೆ ಕೂತಿರಿ ಅಮ್ಮ," ಎಂದಷ್ಟೇ ಹೇಳಿ ಒಳಗೆ ಹೋದರು.

ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡಿದರು. ದೇಹ ಅದರ ಮೇಲೆ ಬಿದ್ದಿತ್ತು, ಜೊತೆಗೆ ಸೋಂಕೂ ಸೇರಿತ್ತು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ವಿಷ. ಎರಡರ ನಡುವೆ ವೈದ್ಯರು ವಾರಗಟ್ಟಲೆ ಹಗ್ಗದ ಮೇಲೆ ನಡೆದರು. ಅವಳು ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕೂತು ಬಾಗಿಲು ತೆರೆದಾಗಲೆಲ್ಲ ಬರುವವರ ಮುಖ ಓದಲು ಕಲಿತಳು. ಚೀಲದ ಬಣ್ಣ ಕೇಳುತ್ತಿದ್ದಳು, ಎಷ್ಟು ತುಂಬಿತೆಂದು ಕೇಳುತ್ತಿದ್ದಳು. ಮೊದಮೊದಲು ಹೇಳುತ್ತಿದ್ದರು. ಆಮೇಲೆ ಸಿಸ್ಟರ್ ಅವಳ ಭುಜ ಮುಟ್ಟಿ ಮುಂದೆ ಹೋಗತೊಡಗಿದರು.

ದೊಡ್ಡ ಡಾಕ್ಟರು ಕೊನೆಗೆ ತಮ್ಮ ಕೋಣೆಗೆ ಕರೆದು ಹೇಳಿದರು. ಮೂತ್ರಪಿಂಡ ಉಳಿಯಲಿಲ್ಲ. ಡಯಾಲಿಸಿಸ್ ಮತ್ತೆ ಶುರುಮಾಡಬೇಕು. ಇನ್ನೊಂದು ಕಸಿ ಸದ್ಯಕ್ಕಂತೂ ಕಷ್ಟ, ಇವರ ರಕ್ತ ಈಗ ಯಾರದನ್ನೂ ಸುಲಭವಾಗಿ ಒಪ್ಪುವುದಿಲ್ಲ.

"ಅದನ್ನ ತೆಗೀತೀರಾ?" ಎಂದು ಕೇಳಿದಳು.

"ತೊಂದರೆ ಕೊಡದಿದ್ದರೆ ಬೇಕಿಲ್ಲ. ಒಳಗೇ ಇರುತ್ತೆ. ನಿಧಾನಕ್ಕೆ ಸುರುಟಿಕೊಳ್ಳುತ್ತೆ."

ಅವಳು ಏಳಲು ಹೋಗಿ ಮತ್ತೆ ಕೂತಳು. "ಶನಿವಾರವೇ ಬಂದಿದ್ರೆ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. "ಹೇಳೋಕಾಗಲ್ಲಮ್ಮ. ಶನಿವಾರ ಬಂದಿದ್ರೂ ಹೀಗೇ ಆಗಬಹುದಿತ್ತು. ಆಗದೇನೂ ಇರಬಹುದಿತ್ತು."

ಅದಕ್ಕಿಂತ ಹೆಚ್ಚಿನದನ್ನು ಅವಳಿಗೆ ಯಾರೂ ಯಾವತ್ತೂ ಹೇಳಲಿಲ್ಲ. ಹೌದು ಎಂದಿದ್ದರೆ ಅವಳು ತಲೆ ಚಚ್ಚಿಕೊಂಡು ಅಳಬಹುದಿತ್ತು, ಇಲ್ಲ ಎಂದಿದ್ದರೆ ತಲೆ ಎತ್ತಿ ಓಡಾಡಬಹುದಿತ್ತು. ಎರಡೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ಬಾಗಿಲ ಹಿಡಿಕೆ ಒರೆಸುವುದನ್ನು ನಿಲ್ಲಿಸಲಿಲ್ಲ. ಅಷ್ಟು ಬೇಕಾಗಿಲ್ಲವೆಂದು ಸಿಸ್ಟರ್ ಹೇಳಿದ್ದರು, ಕೈ ಕೇಳುತ್ತಿರಲಿಲ್ಲ. ಗಂಡ ಈಗ ಅದಕ್ಕೆ ನಗೆಯಾಡುತ್ತಿರಲಿಲ್ಲ. ಅವನು ಯಾವುದಕ್ಕೂ ಹೂಂ ಎನ್ನುತ್ತಿದ್ದ. ಊಟ ಹಾಕಲಾ, ಹೂಂ. ಕಿಟಕಿ ಮುಚ್ಚಲಾ, ಹೂಂ. ಆ ಶನಿವಾರದ ಮಾತನ್ನು ಮಾತ್ರ ಎತ್ತಲೇ ಇಲ್ಲ. ಅವಳೇ ಎರಡು ಮೂರು ಸಲ ಬಾಯಿ ತೆರೆದಳು. "ಅವತ್ತು ನಾನು..." ಎನ್ನುವುದರೊಳಗೆ ಅವನು, "ಆಗಿದ್ದಾಯ್ತು ಬಿಡು," ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಅವನ ಒಳ್ಳೆಯತನ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಬೈದುಬಿಟ್ಟರೆ ಸಾಕು ಎನಿಸುತ್ತಿತ್ತು. ಒಮ್ಮೆ ಬೈದುಬಿಟ್ಟರೆ ಅದು ಹೊರಗೆ ಬಂದು ಬೀಳುತ್ತದೆ, ಆಮೇಲೆ ಇಬ್ಬರೂ ಸೇರಿ ಅದನ್ನು ಗುಡಿಸಿ ಹಾಕಬಹುದು.

ಮಗಳಿಗೆ ಅವಳು ಎಲ್ಲವನ್ನೂ ಹೇಳಿದ್ದಳು. ಮಗಳು, "ಭಾನುವಾರ ನಾನು ಕೇಳಿದಾಗಲಾದ್ರೂ ಹೇಳಬಹುದಿತ್ತಲ್ಲಮ್ಮ," ಎಂದಳು. ಬರುವುದನ್ನು ಬಿಡಲಿಲ್ಲ. ಬಂದರೆ ಅಪ್ಪನ ಮಂಚದ ಬಳಿಯೇ ಕೂತು ಎದ್ದು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಗ್ರೀಸಣ್ಣ ನೋಡಲು ಬಂದ. ಸಾಬೂನಿನಿಂದ ಉಜ್ಜಿ ಉಜ್ಜಿ ಕೈ ಕೆಂಪಗೆ ಮಾಡಿಕೊಂಡು ಬಂದಿದ್ದ, ಉಗುರಿನ ಅಂಚಿನ ಮಸಿ ಮಾತ್ರ ಹೋಗಿರಲಿಲ್ಲ. ಗೆಳೆಯನನ್ನು ನಗಿಸಲೇಬೇಕೆಂದು ಪಣ ತೊಟ್ಟವನಂತೆ ಡಿಪೋದ ಸುದ್ದಿಯನ್ನೆಲ್ಲ ಸುರಿದ. ಹೊಸ ಡ್ರೈವರುಗಳನ್ನು ಹಳಿದ. "ಈಗಿನವರು ಮುಳ್ಳು ಸ್ವಲ್ಪ ಮೇಲೆ ಹೋದ್ರೆ ಸಾಕು ಗುರೂ, ಗಾಡಿ ಅಲ್ಲೇ ಬಿಟ್ಟು ಫೋನ್ ಮಾಡ್ತಾರೆ. ನಿಮ್ಮ ಥರ ಯಾರಿದಾರೆ? ಆ ಏರಿನ ದಿನ ನೆನಪಿದೆಯಾ? ಕೂಸಿನ ಹಾಲಿನ ಬಾಟ್ಲಿ ಒಂದು ಬಿಟ್ಟು ಎಲ್ಲರ ನೀರೂ ಕಿತ್ಕೊಂಡಿದ್ಲಲ್ಲ ನಮ್ಮ ರೈಟಕ್ಕ!"

ಗಂಡ ತುಟಿಯಂಚಿನಲ್ಲಿ ನಕ್ಕ.

"ಎಂಥ ಮೆರವಣಿಗೆ ಅವತ್ತು!" ಗ್ರೀಸಣ್ಣ ತೊಡೆ ತಟ್ಟಿದ. "ಆ ಎಂಜಿನ್ ಆಮೇಲೆ ಏಳಲೇ ಇಲ್ಲ ಅನ್ನೋದು ಬೇರೆ ಮಾತು. ಬಿಚ್ಚಿ ನೋಡಿದ್ರೆ ಒಳಗೆಲ್ಲ ಸೀಳಿಹೋಗಿತ್ತು. ಗುಜರಿಗೆ ಹಾಕಿದ್ವಿ. ದಾರಿಯಲ್ಲೇ ನಿಲ್ಲಿಸಿದ್ದಿದ್ರೆ ಒಂದು ಪೈಪ್ ಬದಲಿಸಿದ್ರೆ ಮುಗೀತಿತ್ತು. ನಿಮ್ಮ ಖುಷಿ ಯಾಕೆ ಹಾಳು ಮಾಡೋದು ಅಂತ ಅವತ್ತು ಯಾರೂ ಹೇಳಲಿಲ್ಲ."

ಅವನಿಗೆ ಶನಿವಾರದ ಸಂಗತಿ ಗೊತ್ತಿರಲಿಲ್ಲ. ಕೋಣೆಯಲ್ಲಿ ಯಾರೂ ನಗದಿದ್ದುದನ್ನು ಕಂಡು ತಬ್ಬಿಬ್ಬಾಗಿ, ರೋಗಿಗೆ ಆಯಾಸವಾಯಿತೇನೋ ಎಂದು ಎದ್ದು ನಿಂತ. ಅವಳು ಅವನನ್ನು ಮೆಟ್ಟಿಲ ತನಕ ಬೀಳ್ಕೊಟ್ಟು ಬಂದಳು. ಬರುವಷ್ಟರಲ್ಲಿ ಗಂಡ ಕಣ್ಣುಮುಚ್ಚಿ ಮಲಗಿದ್ದ.

ಬೇಸಿಗೆ ಕಾಲಿಟ್ಟಿತು. ಡಯಾಲಿಸಿಸ್ ಇಲ್ಲದ ಒಂದು ದಿನ, ಅವಳು ತರಕಾರಿ ತಂದು ಬಾಗಿಲು ತೆರೆದಾಗ ಅಡುಗೆ ಕೋಣೆಯಲ್ಲಿ ನಲ್ಲಿ ಸುರಿಯುವ ಸದ್ದಾಯಿತು. ಅವನು ಗೋಡೆ ಹಿಡಿದು ನಿಂತು ಸ್ಟೀಲಿನ ಲೋಟದಲ್ಲಿ ನೀರು ಕುಡಿಯುತ್ತಿದ್ದ. ಗಂಟಲು ಗಟಗಟ ಏರಿಳಿಯುತ್ತಿತ್ತು. ಅಂಗಿಯ ಮುಂಭಾಗ ನೆನೆದಿತ್ತು. ಅದು ಎಷ್ಟನೇ ಲೋಟವೋ ತಿಳಿಯದು. ಪಾದಗಳು ಆಗಲೇ ಊದಿದ್ದವು, ಉಸಿರು ಬೆಳಗ್ಗೆಯಿಂದಲೇ ಭಾರವಿತ್ತು. ಅವಳು ಚೀಲ ಅಲ್ಲೇ ಬಿಟ್ಟು ಓಡಿ ಬಂದು ಅವನ ಮಣಿಕಟ್ಟು ಹಿಡಿದಳು.

"ಸಾಕು, ನಿಲ್ಲಿಸಿ! ನಿಲ್ಲಿಸಿ ಅಂದ್ರೆ!"

ಅವನು ಲೋಟ ಬಿಡಲಿಲ್ಲ. ಇಬ್ಬರ ಕೈಯ ನಡುವೆ ನೀರು ತುಳುಕಿ ನೆಲಕ್ಕೆ ಬಿತ್ತು. ಕಾಯಿಲೆ ಬಂದಾಗಿನಿಂದ ಅವಳು ಅವನ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಈಗ ನಿಲ್ಲಿಸು ಅಂತೀಯಾ?" ಎಂದ ಅವನು. ದನಿ ಏರಿರಲಿಲ್ಲ. "ಅವತ್ತು ಅನ್ನಬೇಕಿತ್ತು ಅದನ್ನ."

ಅವಳ ಕೈ ತಾನಾಗಿ ಸಡಿಲವಾಯಿತು.

"ನಾನು ಕೇಳಿದೆ ನಿನ್ನ," ಎಂದ. "ಕೇಳಿದೆ ಅಲ್ವಾ? ಕೇಳಿದೆ."

"ಕೇಳಿದ್ರಿ."

ಅವನು ಲೋಟದಲ್ಲಿ ಉಳಿದಿದ್ದನ್ನು ಕುಡಿದು ಮುಗಿಸಿದ. ಇನ್ನೊಂದು ಲೋಟ ಹಿಡಿದ. ಅವಳು ನೋಡುತ್ತ ನಿಂತಳು. ಎಷ್ಟೋ ತಿಂಗಳಿಂದ ಅವಳು ಕಾಯುತ್ತಿದ್ದ ಮಾತು ಬಂದಿತ್ತು. ಬಂದ ಮೇಲೆ ಹಗುರಾಗುತ್ತದೆಂದುಕೊಂಡಿದ್ದ ಯಾವುದೂ ಹಗುರಾಗಲಿಲ್ಲ. ಆ ಮಾತು ಇಷ್ಟು ದಿನ ಅವಳೊಬ್ಬಳ ತಲೆಯಲ್ಲಿತ್ತು, ಈಗ ಮನೆಯಲ್ಲಿತ್ತು. ಅವನು ಕ್ಷಮಿಸು ಎನ್ನಲಿಲ್ಲ, ತಪ್ಪಾಗಿ ಅಂದೆ ಎನ್ನಲಿಲ್ಲ. ನೆಲದ ಒದ್ದೆಯನ್ನು ದಾಟಿ, ಜಾರದಂತೆ ಗೋಡೆ ಸವರಿಕೊಂಡು ಮಂಚಕ್ಕೆ ಹೋದ. ಅವಳು ಬಟ್ಟೆ ತಂದು ನೆಲ ಒರೆಸಿದಳು. ಉರುಳಿದ ಆಲೂಗಡ್ಡೆಗಳನ್ನು ಬಾಗಿಲ ಹಿಂದಿನಿಂದ ಆರಿಸಿ ತಂದು, ಅವನಿಗೆ ಆಗದ ಪೊಟ್ಯಾಷಿಯಂ ಇಳಿಯಲೆಂದು ಹೆಚ್ಚಿ ನೀರಿನಲ್ಲಿ ನೆನೆಹಾಕಿದಳು.

ಮರುದಿನ ಡಯಾಲಿಸಿಸ್ ಕೋಣೆಯಲ್ಲಿ ಯಂತ್ರ ಆ ನೀರನ್ನೆಲ್ಲ ಎಳೆಯತೊಡಗಿತು. ಅಷ್ಟನ್ನು ಒಂದೇ ಸಲ ತೆಗೆಯುವಾಗ ಮೈಯ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಮೂರನೇ ಗಂಟೆಯ ಹೊತ್ತಿಗೆ ಅವನ ಬಲಗಾಲಿನ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತು. ಅವನು ಹಲ್ಲು ಕಚ್ಚಿ ನರಳಿದ. ಅವಳು ಮಂಚದ ಕಾಲ ಬಳಿಗೆ ಸರಿದು, ಅವನ ಪಾದವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಕೈಯ ಹೆಬ್ಬೆರಳಿನಿಂದ ಆ ಗಂಟನ್ನು ತಿಕ್ಕತೊಡಗಿದಳು. ಅವನು ಕಣ್ಣು ಮುಚ್ಚಿಕೊಂಡ. ನೋವಿಗೆ ಮುಚ್ಚಿದನೋ, ತನ್ನನ್ನು ನೋಡಲಾರದೆ ಮುಚ್ಚಿದನೋ ಎಂದು ಅವಳು ಕೇಳಲಿಲ್ಲ. ಒಂದು ಗಂಟು ಸಡಿಲಾಗುವಷ್ಟರಲ್ಲಿ ಎಡಗಾಲು ಹಿಡಿದುಕೊಂಡಿತು, ಅವಳು ಆ ಕಡೆಗೆ ತಿರುಗಿ ಕೂತಳು.